ಸೂತ್ರ ಬಾಯಿಪಾಠ, ಲೆಕ್ಕ ಮಾತ್ರ ಬಾರದು: ತೊಡಕು ನೆನಪಿನದೋ, ಆಲೋಚನೆಯದೋ?

ಇಮ್ಮಡಿ:
ನಾನು ಸಂಜೆ ಹೊತ್ತು ಕೆಲವು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವರಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಯೋಚನೆಗೆ ಹಚ್ಚಿದ್ದಾಳೆ. ನಿತ್ಯಸಮೀಕರಣಗಳೆಲ್ಲ, ಅಂದರೆ (ಎ + ಬಿ)(ಎ − ಬಿ) = ಎ² − ಬಿ² ಎಂಬಂಥ ಸೂತ್ರಗಳೆಲ್ಲ, ಅವಳಿಗೆ ಬಾಯಿಪಾಠ; ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಿಯಾಳು. ಆ ಅಧ್ಯಾಯದ ಅಭ್ಯಾಸದ ಲೆಕ್ಕಗಳನ್ನೂ ಸರಿಯಾಗಿ ಮಾಡುತ್ತಾಳೆ. ಆದರೆ ಮೊನ್ನೆ ಕ್ಷೇತ್ರಫಲದ ಲೆಕ್ಕವೊಂದರ ನಡುವೆ 97 × 103 ಬಂದಾಗ ಒಂದರ ಕೆಳಗೊಂದು ಬರೆದುಕೊಂಡು ಉದ್ದಕ್ಕೆ ಗುಣಿಸತೊಡಗಿದಳು. "ಬೇರೆ ದಾರಿ ಇದೆಯೇ?" ಎಂದು ಕೇಳಿದೆ. ಒಂದು ಕ್ಷಣ ನೋಡಿ, "ಅಯ್ಯೋ, 100 ಕಳೆ 3, 100 ಕೂಡು 3! ಎ² − ಬಿ²!" ಎಂದಳು. 9,991 ಎಂದು ಉತ್ತರವೂ ಬಂತು.

ಸೂತ್ರ ತಲೆಯಲ್ಲಿತ್ತು, ಬೇಕಾದ ಹೊತ್ತಿಗೆ ಬರಲಿಲ್ಲ. ಇನ್ನಷ್ಟು ಬಾಯಿಪಾಠ ಮಾಡಿಸಿ ಎನ್ನುತ್ತಾರೆ ಅವಳ ಮನೆಯವರು. ಬಾಯಿಪಾಠವೇ ರೋಗ, ಅದನ್ನು ನಿಲ್ಲಿಸಿ ಅರ್ಥ ಮಾಡಿಸಿ ಎನ್ನುತ್ತಾರೆ ನನ್ನ ಸ್ನೇಹಿತರು. ಎರಡೂ ಸಲಹೆಗಳು ಇವಳಿಗೆ ಹೊಂದುವಂತೆ ನನಗೆ ಕಾಣುತ್ತಿಲ್ಲ. ಲೆಕ್ಕ ಬಿಡಿಸುವಾಗ ಮಕ್ಕಳ ತಲೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ? ತಿಳಿದವರು ಹೇಳಿ.

ಮಗ್ಗಿಪ್ರಿಯ:
ಮೊದಲು ಮಗ್ಗಿ ಕೇಳಿ ನೋಡಿ. ಇಂದಿನ ಬಹುಪಾಲು ತೊಂದರೆಗಳ ಬೇರು ಅಲ್ಲಿದೆ. ಎಕ್ಸ್² + 15ಎಕ್ಸ್ + 56 ಅನ್ನು ಅಪವರ್ತಿಸು ಎಂದಾಗ 56 ಎಂಬ ಸಂಖ್ಯೆಯನ್ನು ಕಂಡ ಕೂಡಲೇ ಏಳೂ ಎಂಟೂ ಎದ್ದು ನಿಲ್ಲಬೇಕು. ಅವು ಏಳದ ಮಗುವಿಗೆ ಅಪವರ್ತನ ಎಷ್ಟು ಅರ್ಥವಾಗಿದ್ದರೇನು, ಕೈ ಮುಂದೆ ಸಾಗುವುದಿಲ್ಲ. ಅರ್ಥ, ಅರ್ಥ ಎಂದು ಹೇಳುತ್ತಲೇ ಒಂದು ತಲೆಮಾರಿನ ಮಕ್ಕಳ ಕೈ ಬರಿದಾಗಿದೆ.

ಪ್ರಶ್ನಾರ್ಥಕ:
ಮಗ್ಗಿಪ್ರಿಯ ಅವರೇ, ಉರು ಹೊಡೆಸುವುದು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ, ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಹೇಗೋ ಸೇರಿಸಿ ವಯಸ್ಸು ಹೇಳಿಬಿಟ್ಟರು. ಅವರಿಗೆಲ್ಲ ಕೂಡುವುದು ಚೆನ್ನಾಗಿ ಬರುತ್ತಿತ್ತು. ಯೋಚಿಸುವುದು ಬರುತ್ತಿರಲಿಲ್ಲ.

ಶೇಷ:
36 ವರ್ಷ ಕಪ್ತಾನನಿಗೆ ತಕ್ಕ ವಯಸ್ಸೇ. ಮಕ್ಕಳು ತೀರಾ ಅನ್ಯಾಯ ಮಾಡಿಲ್ಲ.

ಮನೋಗಣಿತ:
ನಾನು ಕಲಿಕೆಯ ಮನೋವಿಜ್ಞಾನ ಓದಿದವಳು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಣ್ಣು ಮುಚ್ಚಿ 47 × 36 ಮಾಡಿ ನೋಡಿ. 47ನ್ನು 6ರಿಂದ ಗುಣಿಸಿದರೆ 282. ಅದನ್ನು ಹಿಡಿದಿಟ್ಟುಕೊಂಡೇ 47ನ್ನು 30ರಿಂದ ಗುಣಿಸಬೇಕು, 1,410. ಈಗ ಎರಡನ್ನೂ ಕೂಡಬೇಕು. ಬಹಳ ಮಂದಿಗೆ ಈ ಹೊತ್ತಿಗೆ 282 ಮರೆತಿರುತ್ತದೆ. ಗುಣಾಕಾರ ಬರುವುದಿಲ್ಲವೆಂದಲ್ಲ, ನಡುವಿನ ಉತ್ತರ ನಿಲ್ಲಲಿಲ್ಲ. ಹೀಗೆ ಕೆಲಸ ನಡೆಯುತ್ತಿರುವಾಗಲೇ ಬೇಕಾದುದನ್ನು ಎತ್ತಿ ಹಿಡಿದಿರುವ ನೆನಪನ್ನು ಕಾರ್ಯಸ್ಮೃತಿ ಎನ್ನೋಣ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದರ ಮಾದರಿಯನ್ನು ಕೊಟ್ಟರು: ಮಾತಿನ ರೂಪದಲ್ಲಿರುವುದನ್ನು ಮನಸ್ಸಿನಲ್ಲೇ ಹೇಳಿಕೊಂಡು ಉಳಿಸುವ ಒಂದು ಭಾಗ, ಚಿತ್ರವನ್ನೂ ಸ್ಥಾನವನ್ನೂ ಹಿಡಿಯುವ ಇನ್ನೊಂದು ಭಾಗ, ಎರಡರ ಮೇಲೂ ಗಮನ ಹಂಚುವ ಮೇಲ್ವಿಚಾರಣೆ. ಇದರ ಅಳತೆ ತೀರ ಸಣ್ಣದು. 1956ರಲ್ಲಿ ಜಾರ್ಜ್ ಮಿಲ್ಲರ್ ಏಳರ ಆಸುಪಾಸು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು.

ನಾಲ್ಕು ಏನು ಎಂಬುದೇ ಇಲ್ಲಿ ಮುಖ್ಯ. ನಾಲ್ಕು ಅಂಕಿಗಳಲ್ಲ, ನಾಲ್ಕು ತುಣುಕುಗಳು. ಒಂದು ತುಣುಕಿನೊಳಗೆ ಎಷ್ಟು ಅಡಗಿದೆ ಎಂಬುದು ನಿಮಗೆ ಮೊದಲೇ ಏನು ಗೊತ್ತಿದೆ ಎಂಬುದನ್ನು ಅವಲಂಬಿಸಿದೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚದುರಂಗದ ಆಟಗಾರರಿಗೆ ಹಾಸನ್ನು ಐದು ಸೆಕೆಂಡು ತೋರಿಸಿ ಮತ್ತೆ ಜೋಡಿಸಲು ಹೇಳಿದರು. ನಿಜವಾದ ಆಟದ ನಡುವಿನ ಹಾಸಾದರೆ ನುರಿತವನು ಹೊಸಬನಿಗಿಂತ ಬಹಳ ಹೆಚ್ಚು ಕಾಯಿಗಳನ್ನು ನೆನಪಿಟ್ಟ. ಕಾಯಿಗಳನ್ನು ಮನಬಂದಂತೆ ಹರಡಿದಾಗ ಅವನ ಮೇಲುಗೈ ಬಹುಪಾಲು ಅಳಿಸಿಹೋಯಿತು. ಅವನ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ. ಅವನು ಒಂದೊಂದು ಕಾಯಿಯನ್ನು ನೋಡುತ್ತಿರಲಿಲ್ಲ, ಪರಿಚಯದ ವ್ಯೂಹಗಳನ್ನು ನೋಡುತ್ತಿದ್ದ.

ಗಣಿತದಲ್ಲೂ ಹೀಗೆಯೇ. ಎಕ್ಸ್² + 6ಎಕ್ಸ್ + 9 ಹೊಸಬನಿಗೆ ಮೂರು ಪದ, ಎರಡು ಚಿಹ್ನೆ, ಒಂದು ಘಾತ. ಬಲ್ಲವನಿಗೆ ಅದು ಒಂದೇ ವಸ್ತು: ಎಕ್ಸ್ ಕೂಡು 3ರ ವರ್ಗ. ಹೊಸಬನ ತಲೆ ಚಿಹ್ನೆಗಳನ್ನು ಹಿಡಿಯುವುದರಲ್ಲೇ ತುಂಬಿಹೋಗುತ್ತದೆ, ಪ್ರಶ್ನೆ ಕೇಳಿದ್ದೇನು ಎಂದು ಯೋಚಿಸಲು ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ಮಗ್ಗಿಪ್ರಿಯ ಅವರ ಮಾತಿನಲ್ಲಿ ಸತ್ಯವಿದೆ. ಏಳೆಂಟಲ ಐವತ್ತಾರು ತಾನಾಗಿ ಬಂದರೆ ಉಳಿದ ಜಾಗ ಯೋಚನೆಗೆ ಸಿಗುತ್ತದೆ.

ಪ್ರಶ್ನಾರ್ಥಕ ಅವರೇ, ಕಪ್ತಾನನ ಲೆಕ್ಕದಿಂದ ನೀವು ತೆಗೆದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆ ಮಕ್ಕಳು ಯೋಚಿಸಿದ್ದರು. ಶಾಲೆಯ ಲೆಕ್ಕಕ್ಕೆ ಯಾವಾಗಲೂ ಉತ್ತರ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಬೇಕು ಎಂಬ ಎರಡು ನಿಯಮಗಳನ್ನು ಯಾರೂ ಹೇಳಿಕೊಡದೆಯೇ ಅನುಭವದಿಂದ ಕಲಿತಿದ್ದರು. ಅದೂ ನೆನಪೇ.

ಪ್ರಶ್ನಾರ್ಥಕ:
ಕೊನೆಯ ಮಾತು ಚೆನ್ನಾಗಿದೆ. ಆದರೆ ಅದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ನೆನಪು ಒಮ್ಮೆ ದಾರಿ ತೋರಿಸಿತೆಂದರೆ ಕಣ್ಣು ಮುಚ್ಚಿಹೋಗುತ್ತದೆ. ಅಬ್ರಹಾಂ ಲುಚಿನ್ಸ್ 1942ರಲ್ಲಿ ಪ್ರಕಟಿಸಿದ ನೀರಿನ ಪಾತ್ರೆಗಳ ಪ್ರಯೋಗ ನಿಮಗೆ ಗೊತ್ತೇ ಇರುತ್ತದೆ. 21, 127, 3 ಅಳತೆಯ ಪಾತ್ರೆಗಳಿಂದ 100 ಅಳೆಯಬೇಕು: ದೊಡ್ಡದನ್ನು ತುಂಬಿ ಮೊದಲನೆಯದರಿಂದ ಒಮ್ಮೆ, ಮೂರನೆಯದರಿಂದ ಎರಡು ಸಲ ತೆಗೆದರೆ ಆಯಿತು. ಇದೇ ಜಾಡಿನ ಹಲವು ಲೆಕ್ಕಗಳಾದ ಮೇಲೆ 23, 49, 3 ಕೊಟ್ಟು 20 ಕೇಳುತ್ತಾರೆ. 23ರಿಂದ 3 ತೆಗೆದರೆ ಮುಗಿಯಿತು! ಹೆಚ್ಚಿನವರು 49ರಿಂದ 23 ತೆಗೆದು, ಮತ್ತೆ 3, ಮತ್ತೆ 3 ತೆಗೆದರು. ಆ ಬಳಿಕ 28, 76, 3ರಿಂದ 25 ಅಳೆಯಲು ಹೇಳಿದಾಗ ಹಳೆಯ ಜಾಡು ಕೆಲಸ ಮಾಡದೆ ಅನೇಕರು ಅಲ್ಲೇ ನಿಂತುಬಿಟ್ಟರು. ಮೊದಲಿನ ಲೆಕ್ಕಗಳನ್ನು ಮಾಡದೆ ನೇರ ಇಲ್ಲಿಗೆ ಬಂದವರಿಗೆ ಅದು ತೊಡಕೇ ಆಗಿರಲಿಲ್ಲ.

ಇಮ್ಮಡಿ:
ಇದನ್ನು ನಾನು ದಿನವೂ ನೋಡುತ್ತೇನೆ. ವರ್ಗಸಮೀಕರಣದ ಸೂತ್ರ ಕಲಿತ ವಾರದಲ್ಲಿ ಎಕ್ಸ್² − 9 = 0 ಕೊಟ್ಟರೆ, ಎ = 1, ಬಿ = 0, ಸಿ = −9 ಎಂದು ಬರೆದು ಪೂರ್ತಿ ಸೂತ್ರ ಹಾಕುತ್ತಾರೆ.

ಆದರೆ ನನ್ನ ಹುಡುಗಿಯದು ಇದರ ತಿರುವು ಮುರುವು. ಅವಳ ಮಗ್ಗಿ ಗಟ್ಟಿ. ಸೂತ್ರ ಒಂದೇ ತುಣುಕಾಗಿ ಕೂತಿದೆ. ಆದರೂ 97 × 103 ಕಂಡಾಗ ಅದು ಏಳಲಿಲ್ಲ. ಮನೋಗಣಿತ ಅವರ ವಿವರಣೆ ಇಲ್ಲಿಗೆ ಸಾಲುವುದಿಲ್ಲವಲ್ಲ?

ಅಡ್ಡಗೆರೆ:
ಸಾಲುವುದಿಲ್ಲ. ನಾನು ನಿವೃತ್ತ ಗಣಿತ ಶಿಕ್ಷಕ. ನನಗೆ ಕಂಡದ್ದನ್ನು ಹೇಳುತ್ತೇನೆ.

ಇಟ್ಟದ್ದು ಇದೆಯೇ ಎಂಬುದು ಒಂದು ಪ್ರಶ್ನೆ, ಕರೆದರೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಿಮ್ಮ ಹುಡುಗಿ ಆ ಸೂತ್ರವನ್ನು ಯಾವ ಕರೆಗೆ ಓಗೊಡುವಂತೆ ಕಲಿತಿದ್ದಾಳೆ? "ನಿತ್ಯಸಮೀಕರಣಗಳು" ಎಂಬ ಅಧ್ಯಾಯದ ತಲೆಬರಹಕ್ಕೆ. ಅಥವಾ "ಸೂಕ್ತ ನಿತ್ಯಸಮೀಕರಣ ಬಳಸಿ ಬೆಲೆ ಕಂಡುಹಿಡಿಯಿರಿ" ಎಂಬ ಆದೇಶಕ್ಕೆ. 97 ಮತ್ತು 103 ಎಂಬ ಜೋಡಿ 100ರ ಎರಡು ಪಕ್ಕದಲ್ಲಿ ಸಮದೂರದಲ್ಲಿ ನಿಂತಿದೆ ಎಂಬ ಗುರುತಿಗೆ ಅವಳ ಸೂತ್ರ ಓಗೊಡುವುದಿಲ್ಲ. ಆ ಗುರುತನ್ನು ಅವಳು ಎಂದೂ ಹುಡುಕಬೇಕಾಗಿ ಬಂದಿಲ್ಲ, ಪುಸ್ತಕವೇ ಹುಡುಕಿ ಕೊಟ್ಟಿದೆ. ನೀವು "ಬೇರೆ ದಾರಿ ಇದೆಯೇ" ಎಂದು ಕೇಳಿದ್ದೂ ಅಂಥದೇ ಒಂದು ಕರೆ.

ಮಿಷೆಲಿನ್ ಚಿ ಮತ್ತು ಸಂಗಡಿಗರು 1981ರಲ್ಲಿ ಭೌತವಿಜ್ಞಾನದ ಲೆಕ್ಕಗಳನ್ನು ವಿಂಗಡಿಸಲು ಕೊಟ್ಟಾಗ ಹೊಸ ವಿದ್ಯಾರ್ಥಿಗಳು ಇಳಿಜಾರಿನ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗಿನ ಲೆಕ್ಕಗಳನ್ನು ಇನ್ನೊಂದು ಕಡೆ ಇಟ್ಟರು. ಪರಿಣತರು ಶಕ್ತಿಯ ಸಂರಕ್ಷಣೆಯಿಂದ ಬಿಡಿಸುವಂಥವು, ನ್ಯೂಟನ್ನನ ಎರಡನೆಯ ನಿಯಮದಿಂದ ಬಿಡಿಸುವಂಥವು ಎಂದು ವಿಂಗಡಿಸಿದರು. ಒಂದೇ ಕಾಗದ, ಒಂದೇ ಅಕ್ಷರ. ಕಂಡದ್ದು ಮಾತ್ರ ಬೇರೆ.

ಇನ್ನು ಅಭ್ಯಾಸದ ಕ್ರಮ. ಅಧ್ಯಾಯದ ಕೊನೆಯಲ್ಲಿ ಒಂದೇ ಬಗೆಯ ಇಪ್ಪತ್ತು ಲೆಕ್ಕಗಳಿರುತ್ತವೆ. ಮೊದಲ ಎರಡರಲ್ಲಿ ಮಗು ಯೋಚಿಸುತ್ತದೆ. ಉಳಿದ ಹದಿನೆಂಟರಲ್ಲಿ ಸಂಖ್ಯೆ ಬದಲಾಯಿಸುತ್ತದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಅಪರಿಚಿತ ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಕೊಟ್ಟರು. ಒಂದು ಗುಂಪಿಗೆ ಒಂದೊಂದು ಬಗೆಯನ್ನೂ ಮುಗಿಸಿ ಮುಂದಿನದು, ಇನ್ನೊಂದಕ್ಕೆ ನಾಲ್ಕೂ ಕಲಸಿ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ 89 ಸರಿ, ಕಲಸಿದ ಗುಂಪು ಶೇ 60. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಮೊದಲ ಗುಂಪು ಶೇ 20ಕ್ಕೆ ಕುಸಿದಿತ್ತು, ಕಲಸಿದ ಗುಂಪು ಶೇ 63ರಲ್ಲಿತ್ತು.

ಇದರಲ್ಲಿ ಶಿಕ್ಷಕರಿಗೊಂದು ಇಕ್ಕಟ್ಟಿದೆ. ಕಲಸಿ ಕೊಟ್ಟ ದಿನ ಮಕ್ಕಳು ತಡವರಿಸುತ್ತಾರೆ, ಮನೆಯವರು "ಸರಿಯಾಗಿ ಹೇಳಿಕೊಟ್ಟಿಲ್ಲ" ಎನ್ನುತ್ತಾರೆ. ಒಂದೇ ಬಗೆಯ ಇಪ್ಪತ್ತು ಮಾಡಿಸಿದ ದಿನ ಎಲ್ಲರಿಗೂ ತೃಪ್ತಿ. ಆ ತೃಪ್ತಿಯನ್ನು ನಾನು ನಂಬುವುದಿಲ್ಲ.

ಮಗ್ಗಿಪ್ರಿಯ:
ಕಲಸುವುದಕ್ಕೆ ಮೊದಲು ಒಂದೊಂದೂ ಬರಬೇಕಲ್ಲ ಸರ್? ಹೊಸದಾಗಿ ಕಲಿಯುವವನಿಗೆ ಮೊದಲ ದಿನವೇ ನಾಲ್ಕು ಬಗೆ ಬೆರೆಸಿ ಕೊಟ್ಟರೆ ಗೊಂದಲ ಮಾತ್ರ ಉಳಿಯುತ್ತದೆ.

ಅಡ್ಡಗೆರೆ:
ನಿಜ. ನಾಲ್ಕೈದು ಲೆಕ್ಕ ಒಂದೇ ಬಗೆಯವು ಬೇಕು. ಇಪ್ಪತ್ತು ಬೇಡ.

ಮನೋಗಣಿತ:
ಆ ನಾಲ್ಕೈದನ್ನೂ ಮಗುವೇ ತಡಕಾಡಿ ಬಿಡಿಸಬೇಕೆಂದಿಲ್ಲ. ಜಾನ್ ಸ್ವೆಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ತೋರಿಸಿದ್ದು ಇದನ್ನೇ: ಹೊಸಬರಿಗೆ ಬಿಡಿಸಿದ ಮಾದರಿಗಳನ್ನು ಓದಲು ಕೊಟ್ಟಾಗ, ಅದೇ ಜಾತಿಯ ಲೆಕ್ಕಗಳನ್ನು ಅವರು ಬೇಗನೆ, ಕಡಿಮೆ ತಪ್ಪಿನಿಂದ ಮಾಡಿದರು. ತಾನೇ ಹುಡುಕುವವನ ಗಮನವೆಲ್ಲ ಗುರಿಗೂ ತಾನಿರುವ ಜಾಗಕ್ಕೂ ನಡುವಿನ ಅಂತರವನ್ನು ಅಳೆಯುವುದರಲ್ಲೇ ಮುಗಿಯುತ್ತದೆ. ಹೆಜ್ಜೆಗಳ ಜೋಡಣೆ ನೆನಪಿಗೆ ಇಳಿಯುವುದಿಲ್ಲ ಎಂಬುದು ಸ್ವೆಲರ್ ಅವರ ವಿವರಣೆ. ಸ್ವಲ್ಪ ಪಳಗಿದ ಮೇಲೆ ಮಾತ್ರ ಇದು ತಲೆಕೆಳಗಾಗುತ್ತದೆ. ಬಲ್ಲವನಿಗೆ ಬಿಡಿಸಿದ ಮಾದರಿ ಬರೀ ಹೊರೆ. ಅವನು ತಾನೇ ಬಿಡಿಸಬೇಕು.

ಕೊನೆಯ ಬೆಂಚು:
ಸರ್, ಮೇಡಂ, ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಇಲ್ಲಿ ಎಲ್ಲರೂ ನಮ್ಮ ತಲೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ, ಆದ್ದರಿಂದ ಕೇಳುತ್ತೇನೆ. ಮನೆಯಲ್ಲಿ ಬಿಡಿಸಿದ ಲೆಕ್ಕಗಳನ್ನು ಓದುವಾಗ ಎಲ್ಲವೂ ಗೊತ್ತಿದೆ ಅನಿಸುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ತಲೆ ಖಾಲಿ. ಹೊರಗೆ ಬಂದು ಬಾಗಿಲು ದಾಟುವಷ್ಟರಲ್ಲಿ ಎಲ್ಲವೂ ನೆನಪಾಗುತ್ತದೆ. ಇದು ಯಾಕೆ?

ಶೇಷ:
ಇಷ್ಟು ಹೊತ್ತಿನ ಚರ್ಚೆಯಲ್ಲಿ ಮೊದಲ ನಿಜವಾದ ಪ್ರಶ್ನೆ.

ಮನೋಗಣಿತ:
ನೋಡಮ್ಮ, ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ.

ಮೊದಲನೆಯದು ಮನೆಯಲ್ಲಿ ಆಗುವುದು. ಬಿಡಿಸಿದ್ದನ್ನು ಓದುವಾಗ ಪ್ರತಿ ಸಾಲೂ ಪರಿಚಿತವಾಗಿ ಕಾಣುತ್ತದೆ. ಕಂಡಾಗ ಗುರುತಿಸುವುದು ಸುಲಭ, ಕಾಣದಿದ್ದಾಗ ಎಳೆದು ತರುವುದು ಕಷ್ಟ. ಪರೀಕ್ಷೆ ಕೇಳುವುದು ಎರಡನೆಯದನ್ನು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಅದು ಗದ್ಯಪಾಠ, ಗಣಿತವಲ್ಲ. ಆದರೂ ಮಾದರಿ ಲೆಕ್ಕಕ್ಕೆ ಇದನ್ನು ಹೀಗೆ ಹೊಂದಿಸಬಹುದು: ಒಮ್ಮೆ ಓದು, ಮುಚ್ಚು, ಖಾಲಿ ಹಾಳೆಯಲ್ಲಿ ಬರೆ. ಎಲ್ಲಿ ನಿಂತೆಯೋ ಆ ಒಂದು ಹೆಜ್ಜೆಯನ್ನು ಮಾತ್ರ ತೆರೆದು ನೋಡು. ಅದೇ ದಿನ ಇನ್ನೊಮ್ಮೆ ಮಾಡುವುದಕ್ಕಿಂತ ಕೆಲವು ದಿನ ಬಿಟ್ಟು ಮಾಡು.

ಎರಡನೆಯದು ಭಯ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದಂತೆ, ಗಣಿತದ ಆತಂಕ ಕಾರ್ಯಸ್ಮೃತಿಯ ಜಾಗವನ್ನೇ ತಿನ್ನುತ್ತದೆ. "ಬರದೇ ಹೋದರೆ?" ಎಂಬ ಮಾತು ತಲೆಯಲ್ಲಿ ಓಡುತ್ತಿರುವಷ್ಟು ಹೊತ್ತು, ಕೂಡುವಾಗ ಮುಂದಿನ ಸ್ಥಾನಕ್ಕೆ ಒಯ್ಯುವ ದಶಕವನ್ನು ಹಿಡಿದಿಡಬೇಕಾದ ಜಾಗವನ್ನು ಅದೇ ಹಿಡಿದಿರುತ್ತದೆ. ಬಾಗಿಲು ದಾಟಿದ ಕೂಡಲೇ ಭಯ ಹೋಗುತ್ತದೆ, ಜಾಗ ತೆರವಾಗುತ್ತದೆ, ಲೆಕ್ಕ ಬರುತ್ತದೆ. ಇನ್ನೊಂದು ಮಾತು ಕೇಳು. ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2005ರಲ್ಲಿ ಕಂಡದ್ದೇನೆಂದರೆ, ಒತ್ತಡದಲ್ಲಿ ಕಠಿಣ ಲೆಕ್ಕಗಳಲ್ಲಿ ಕುಸಿದವರು ಕಾರ್ಯಸ್ಮೃತಿ ಚೆನ್ನಾಗಿರುವವರೇ. ತಲೆಯಲ್ಲಿ ಹೆಚ್ಚು ಹಿಡಿದು ಲೆಕ್ಕ ಮಾಡುವ ರೂಢಿ ಅವರದು. ಒತ್ತಡ ಕಿತ್ತುಕೊಳ್ಳುವುದು ಅದನ್ನೇ. ತಲೆ ಖಾಲಿಯಾಯಿತೆಂದು ದಡ್ಡಿ ಎಂದುಕೊಳ್ಳಬೇಡ.

ಅಡ್ಡಗೆರೆ:
ಒಂದು ಕೈಕೆಲಸದ ಮಾತು ಸೇರಿಸುತ್ತೇನೆ. ನಡುವಿನ ಉತ್ತರಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡ, ಅಂಚಿನಲ್ಲಿ ಬರೆ. ರೇಖಾಗಣಿತವಾದರೆ ಕೊಟ್ಟ ಅಳತೆಗಳನ್ನೆಲ್ಲ ಚಿತ್ರದ ಮೇಲೆಯೇ ಗುರುತು ಮಾಡು. ಹೆಜ್ಜೆ ಹಾರಿಸುವುದು ಜಾಣತನ ಎಂಬ ಭ್ರಮೆ ತರಗತಿಯ ಮುಂದಿನ ಸಾಲಿನಲ್ಲಿ ಬಹಳ ಇದೆ. ಕಾಗದ ಮರೆಯುವುದಿಲ್ಲ.

ಕೊನೆಯ ಬೆಂಚು:
ಧನ್ಯವಾದ ಮೇಡಂ, ಧನ್ಯವಾದ ಸರ್. ನಾನು ಹೆಜ್ಜೆ ಹಾರಿಸುವವಳೇ.

ಪ್ರಶ್ನಾರ್ಥಕ:
ಎಲ್ಲವನ್ನೂ ನೆನಪಿನ ತಲೆಗೆ ಕಟ್ಟುವ ಮೊದಲು ಓದುವಿಕೆಯನ್ನೂ ನೋಡಿ. "ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ವಿ ಎಂದರೆ ವಿದ್ಯಾರ್ಥಿಗಳ ಸಂಖ್ಯೆ, ಪ್ರಾ ಎಂದರೆ ಪ್ರಾಧ್ಯಾಪಕರ ಸಂಖ್ಯೆ. ಸಮೀಕರಣ ಬರೆಯಿರಿ." ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಕೊಟ್ಟಾಗ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪಿದರು. ಸಾಮಾನ್ಯ ತಪ್ಪು: 6ವಿ = ಪ್ರಾ. 60 ವಿದ್ಯಾರ್ಥಿ, 10 ಪ್ರಾಧ್ಯಾಪಕ ಎಂದು ಇಟ್ಟು ನೋಡಿದರೆ ಸಾಕು, 360 = 10 ಎಂದು ನಗುತ್ತದೆ. ಇಲ್ಲಿ ಯಾವ ಸೂತ್ರವೂ ಮರೆತಿಲ್ಲ. "ಆರು ವಿದ್ಯಾರ್ಥಿಗೆ ಒಬ್ಬ ಪ್ರಾಧ್ಯಾಪಕ" ಎಂಬ ಚಿತ್ರ ತಲೆಯಲ್ಲಿ ಸರಿಯಾಗಿಯೇ ಇದೆ. ಅಕ್ಷರವನ್ನು ಸಂಖ್ಯೆ ಎಂದು ಕಾಣುವ ಬದಲು ಹಣೆಪಟ್ಟಿ ಎಂದು ಕಂಡಿದ್ದಾರೆ.

ಮನೋಗಣಿತ:
ಇದನ್ನು ಪೂರ್ತಿ ಒಪ್ಪುತ್ತೇನೆ.

ಮಗ್ಗಿಪ್ರಿಯ:
ನನಗೆ ಬೇರೆ ಸಂಶಯ. ಎರಡನೆಯ ತರಗತಿಯ ಮಕ್ಕಳು ಬೆರಳು ಎಣಿಸುವುದನ್ನು ನಾನು ಬಿಡಿಸುತ್ತೇನೆ. ನೆನಪಿನಿಂದಲೇ ಹೇಳಲಿ ಎಂದು. ಇದು ಸರಿಯೇ?

ಮನೋಗಣಿತ:
ಅವಸರ ಬೇಡ. ಚಿಕ್ಕ ಮಕ್ಕಳು ಒಂದು ವಿಧಾನ ಬಿಟ್ಟು ಇನ್ನೊಂದಕ್ಕೆ ಒಮ್ಮೆಲೇ ಹಾರುವುದಿಲ್ಲ. ಒಂದೇ ಮಗು ಒಂದೇ ದಿನ 2 + 2ನ್ನು ನೆನಪಿನಿಂದ, 2 + 9ನ್ನು ಒಂಬತ್ತರಿಂದ ಮುಂದೆ ಎಣಿಸಿ, 6 + 7ನ್ನು "ಆರಾರು ಹನ್ನೆರಡು, ಮತ್ತೊಂದು" ಎಂದು ಮಾಡುತ್ತದೆ. ರಾಬರ್ಟ್ ಸೀಗ್ಲರ್ ಅವರ ಸಂಶೋಧನೆಯ ತಿರುಳು ಇದು: ನೆನಪಿನಿಂದ ಬಂದ ಉತ್ತರದ ಮೇಲೆ ಭರವಸೆ ಸಾಲದಾದಾಗ ಮಗು ಎಣಿಕೆಗೆ ಹೋಗುತ್ತದೆ, ಸರಿಯಾಗಿ ಎಣಿಸಿದ ಪ್ರತಿ ಸಲವೂ ಆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ನಂಟು ಬಲವಾಗುತ್ತದೆ. ಬೆರಳು ಕಿತ್ತುಕೊಂಡರೆ ಮಗು ಊಹಿಸುತ್ತದೆ. ತಪ್ಪು ಊಹೆಗೂ ನಂಟು ಬೆಳೆಯುತ್ತದೆ.

ಮಗ್ಗಿಯ ವಿಷಯದಲ್ಲೂ ನಿಮಗೊಂದು ಪ್ರಶ್ನೆ. ಏಳೆಂಟಲ ಎಷ್ಟು ಎಂದಾಗ ನಿಮ್ಮ ಮಕ್ಕಳು ಏಳೊಂದಲ ಏಳರಿಂದ ಶುರು ಮಾಡುತ್ತಾರೆಯೇ?

ಮಗ್ಗಿಪ್ರಿಯ:
ಕೆಲವರು ಮಾಡುತ್ತಾರೆ. ಮನಸ್ಸಿನಲ್ಲೇ ಹೇಳಿಕೊಂಡು ಬರುತ್ತಾರೆ, ತುಟಿ ಅಲ್ಲಾಡುವುದು ಕಾಣುತ್ತದೆ.

ಮನೋಗಣಿತ:
ಅವರಿಗೆ ಮಗ್ಗಿಯ ರಾಗ ಬರುತ್ತದೆ, ಏಳೆಂಟಲ ಬರುವುದಿಲ್ಲ. 56ನ್ನು ಕಂಡು ಏಳು ಮತ್ತು ಎಂಟು ಏಳಬೇಕೆಂದು ನೀವೇ ಮೊದಲು ಬರೆದಿರಿ. ಮೇಲಿನಿಂದ ಕೆಳಗೆ ಹೇಳಿಸುವುದರಿಂದ ಅದು ಸಿಗುವುದಿಲ್ಲ. ನಡುವಿನಿಂದ ಕೇಳಿ, ಹಿಂದುಮುಂದಾಗಿ ಕೇಳಿ, 56 ಹೇಳಿ ಜೋಡಿ ಕೇಳಿ. ಏಳೆಂಟಲ ಎಂದರೆ 49 ಅಥವಾ 63 ಎನ್ನುವ ಮಗು ಮನಬಂದಂತೆ ಹೇಳುತ್ತಿಲ್ಲ. ಎರಡೂ ಏಳರ ಮಗ್ಗಿಯಲ್ಲೇ ಇರುವ ಉತ್ತರಗಳು, 56ರ ನೆರೆಯವು.

ಮಗ್ಗಿಪ್ರಿಯ:
ಹಿಂದುಮುಂದಾಗಿ ಕೇಳುವುದನ್ನು ನಾಳೆಯಿಂದಲೇ ಮಾಡುತ್ತೇನೆ. ಆದರೆ ರಾಗ ಮೊದಲು ಬರಬೇಕು ಎಂಬ ನನ್ನ ಹಟ ಹಾಗೆಯೇ ಇದೆ.

ಇಮ್ಮಡಿ:
ನನ್ನ ಹುಡುಗಿಗೆ ಒಂದು ಹಾಳೆ ತಯಾರಿಸುತ್ತಿದ್ದೇನೆ. ಅಧ್ಯಾಯದ ಹೆಸರಿಲ್ಲ, ಆದೇಶವಿಲ್ಲ. ಬಿಡಿಸುವುದೂ ಬೇಡ, ಯಾವ ದಾರಿ ಹಿಡಿಯುತ್ತೀಯೆ, ಏನು ಕಂಡು ಆ ದಾರಿ ಎಂದು ಒಂದೊಂದು ಸಾಲು ಬರೆದರೆ ಸಾಕು. ಈಗ ಹಾಕಿರುವುದು: 46 × 54, 58² − 42², ಎಕ್ಸ್² − 9 = 0, ಎಕ್ಸ್² = 5ಎಕ್ಸ್, 101², ಒಂದು ವಯಸ್ಸಿನ ಲೆಕ್ಕ. ಇನ್ನೇನು ಸೇರಿಸಲಿ?

ಪ್ರಶ್ನಾರ್ಥಕ:
ಉತ್ತರವೇ ಇಲ್ಲದ ಒಂದು ಲೆಕ್ಕ.

ಅಡ್ಡಗೆರೆ:
97 × 104 ಸೇರಿಸಿ. ಹಿಂದಿನ ಲೆಕ್ಕದ ಗುಂಗಿನಲ್ಲಿ ಎ² − ಬಿ² ಎಂದು ಬರೆಯುತ್ತಾಳೋ, 3 ಮತ್ತು 4 ಸಮವಲ್ಲ ಎಂದು ನಿಲ್ಲುತ್ತಾಳೋ ನೋಡಿ. ನಿಂತಳೆಂದರೆ 100 ಕಳೆ 3, 100 ಕೂಡು 4 ಎಂದು ಬಿಡಿಸಿ 10,000 + 100 − 12ಕ್ಕೆ ಅವಳೇ ಬರುತ್ತಾಳೆ. ಎಕ್ಸ್² = 5ಎಕ್ಸ್ ಒಳ್ಳೆಯ ಆಯ್ಕೆ; ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ಸೊನ್ನೆಯನ್ನು ಕಳೆದುಕೊಳ್ಳುವವರು ಬಹಳ. ಅಂಕ ಕೊಡುವುದಾದರೆ ದಾರಿಯ ಹೆಸರಿಗೆ ಕೊಡಬೇಡಿ, "ಏನು ಕಂಡು" ಎಂಬ ಸಾಲಿಗೆ ಕೊಡಿ. ಇದೇ ಹಾಳೆಯನ್ನು ಸಂಖ್ಯೆ ಬದಲಿಸಿ ಹತ್ತು ಹದಿನೈದು ದಿನ ಬಿಟ್ಟು ಮತ್ತೆ ಕೊಡಿ, ಆ ನಡುವೆ ನಿತ್ಯಸಮೀಕರಣದ ಮಾತೆತ್ತಬೇಡಿ.